ಉಲುರುಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ಸಿಡ್ನಿಗೆ ನೇರ ವಿಮಾನ ಶುರುವಾದದ್ದು 2022ರಲ್ಲಿ. ಮಕ್ಕಳ ಮನೆಗೆಂದು ಬಂದ ಅಪ್ಪ-ಅಮ್ಮನನ್ನು ಕರೆದುಕೊಂಡು ಆಸ್ಟ್ರೇಲಿಯಾದ ನಟ್ಟನಡುವಿನ ಕೆಂಪು ಬಂಡೆ ಉಲುರುವನ್ನು ನೋಡಿಬರುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಟಿಕೆಟ್, ಹೋಟೆಲ್ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಅಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು. ಕೆಳಗಿನ ಉತ್ತರಗಳು ಹೆಚ್ಚಾಗಿ ಆ ಎರಡನೆಯ ವಿಷಯದ್ದು.

ಉಲುರು ಎಲ್ಲಿದೆ? ಹತ್ತಿರದ ದೊಡ್ಡ ಊರು ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗಿ ಇಳಿದರೆ ಸಾಕಲ್ಲವೇ?

ಸಾಲದು. ಆಲಿಸ್ ಸ್ಪ್ರಿಂಗ್ಸ್‌ನಿಂದ ಉಲುರುಗೆ ರಸ್ತೆಯಲ್ಲಿ ಸುಮಾರು 450 ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಐದು ಗಂಟೆಯ ದಾರಿ. ಅದಕ್ಕಿಂತ ಹತ್ತಿರವಾಗಬೇಕೆಂದರೆ ಸಿಡ್ನಿ ಅಥವಾ ಮೆಲ್ಬರ್ನ್‌ನಿಂದ ನೇರವಾಗಿ ಏರ್ಸ್ ರಾಕ್ ವಿಮಾನ ನಿಲ್ದಾಣಕ್ಕೆ ಬರಬಹುದು. ಉಳಿದುಕೊಳ್ಳುವುದು ಯುಲಾರಾದಲ್ಲಿ. ಉಲುರು ಇರುವ ರಾಷ್ಟ್ರೀಯ ಉದ್ಯಾನದ, ಅಂದರೆ ಪಾರ್ಕಿನ, ಗಡಿಯ ಹೊರಗೆ ಪ್ರವಾಸಿಗರಿಗೆಂದೇ ಕಟ್ಟಿದ ಊರು ಅದು. ಅಲ್ಲಿಂದ ಬಂಡೆಗೆ 20 ಕಿಲೋಮೀಟರ್, ಕಟ ಜುಟ ಗುಡ್ಡಗಳಿಗೆ 50 ಕಿಲೋಮೀಟರ್ ಆಸುಪಾಸು. ಕಾರು ಬಾಡಿಗೆಗೆ ತೆಗೆದುಕೊಂಡರೆ ಕತ್ತಲಾದ ಮೇಲೆ ಹೆದ್ದಾರಿಗೆ ಇಳಿಯಬೇಡಿ. ಕಾಂಗರೂ, ದನ, ಕಾಡು ಒಂಟೆ ಯಾವ ಗಳಿಗೆಯಲ್ಲಾದರೂ ಅಡ್ಡ ಬರುತ್ತವೆ.

ಏರ್ಸ್ ರಾಕ್ ಎನ್ನಬೇಕೇ, ಉಲುರು ಎನ್ನಬೇಕೇ?

ಉಲುರು ಎನ್ನಿ. 1873ರಲ್ಲಿ ವಿಲಿಯಂ ಗಾಸ್ ಎಂಬ ಸರ್ವೇಯರ್ ಈ ಬಂಡೆ ಕಂಡು, ಆಗಿನ ದಕ್ಷಿಣ ಆಸ್ಟ್ರೇಲಿಯಾದ ಮುಖ್ಯ ಕಾರ್ಯದರ್ಶಿ ಹೆನ್ರಿ ಏರ್ಸ್ ಹೆಸರಿಟ್ಟ. ಅದಕ್ಕೂ ಎಷ್ಟೋ ಸಾವಿರ ವರ್ಷ ಮೊದಲಿನಿಂದ ಅಲ್ಲಿದ್ದ ಜನರ ಬಾಯಲ್ಲಿ ಅದು ಉಲುರುವೇ. 1993ರಲ್ಲಿ ಸರ್ಕಾರ ಎರಡೂ ಹೆಸರನ್ನು ಜೊತೆಗೆ ಅಂಗೀಕರಿಸಿತು, 2002ರಲ್ಲಿ ಉಲುರು ಮುಂದಕ್ಕೆ ಬಂತು. ವಿಮಾನ ನಿಲ್ದಾಣದ ಫಲಕದಲ್ಲಿ ಮಾತ್ರ ಹಳೆಯ ಹೆಸರು ಇನ್ನೂ ಇದೆ.

ಇದು ಸರ್ಕಾರಿ ರಾಷ್ಟ್ರೀಯ ಉದ್ಯಾನವಲ್ಲವೇ? ಯಾರದೋ ಜಾಗ ಎಂದರೇನು?

ಉಳಿದೆಲ್ಲ ಉತ್ತರಗಳು ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಪಾರ್ಕಿನ ನೆಲದ ಒಡೆತನ ಅಣಂಗು ಜನರದ್ದು. ಪಿಜಂಜಜಾರ, ಯಂಕುಂಜಜಾರ ಭಾಷೆಗಳನ್ನಾಡುವ ಈ ಮೂಲನಿವಾಸಿಗಳನ್ನು ಕೇಳದೆ, ಅವರಿಗೆಂದು ಇಟ್ಟಿದ್ದ ಮೀಸಲು ಪ್ರದೇಶದಿಂದಲೇ ಈ ಭಾಗವನ್ನು ಕತ್ತರಿಸಿ 1958ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಲಾಯಿತು. ಬಂಡೆಯ ಬುಡದಲ್ಲೇ ಮೋಟೆಲ್‌ಗಳು, ಕ್ಯಾಂಪ್ ಜಾಗ, ವಿಮಾನ ಇಳಿಯುವ ಪಟ್ಟಿ ಎಲ್ಲ ಬಂದವು. ವರ್ಷಗಟ್ಟಲೆ ಹೋರಾಡಿದ ಮೇಲೆ, 1985ರ ಅಕ್ಟೋಬರ್ 26ರಂದು ಗವರ್ನರ್ ಜನರಲ್ ನಿನಿಯನ್ ಸ್ಟೀಫನ್ ಬಂಡೆಯ ಹತ್ತಿರವೇ ನಡೆದ ಸಮಾರಂಭದಲ್ಲಿ ನೆಲದ ಹಕ್ಕುಪತ್ರವನ್ನು ಅಣಂಗು ಜನರಿಗೆ ಮರಳಿಸಿದರು. ಅದೇ ದಿನ ಅಣಂಗು ಅದನ್ನು 99 ವರ್ಷದ ಗುತ್ತಿಗೆಗೆ ಕೇಂದ್ರ ಸರ್ಕಾರಕ್ಕೆ ಕೊಟ್ಟರು. ಇದು ಒಪ್ಪಂದದ ಷರತ್ತೇ ಆಗಿತ್ತು. ಮನೆ ವಾಪಸ್ ಕೊಡುತ್ತೇವೆ, ಆದರೆ ನಮಗೇ ಬಾಡಿಗೆಗೆ ಬಿಡಿ ಎಂದ ಹಾಗೆ. ಅಂದಿನಿಂದ ಪಾರ್ಕನ್ನು ಇಬ್ಬರೂ ಸೇರಿ ನಡೆಸುತ್ತಾರೆ. ಹನ್ನೆರಡು ಜನರ ಆಡಳಿತ ಮಂಡಳಿಯಲ್ಲಿ ಎಂಟು ಮಂದಿ ಅಣಂಗು.

ಹಾಗಾಗಿ ಅಲ್ಲಿನ ಬೋರ್ಡಿನಲ್ಲಿ 'ಇಲ್ಲಿ ಬೇಡ' ಎಂದು ಬರೆದಿದ್ದರೆ ಅದು ಯಾವುದೋ ಇಲಾಖೆಯ ಗುಮಾಸ್ತರ ಆದೇಶ ಎಂದುಕೊಳ್ಳಬೇಡಿ. ಮನೆಯವರ ಮಾತು ಅದು, ಮತ್ತು ಆ ಮನೆಯವರು ಇವತ್ತಿಗೂ ಅಲ್ಲೇ ಇದ್ದಾರೆ.

ಯುನೆಸ್ಕೋ ಪಟ್ಟಿಯಲ್ಲಿರುವುದು ಬಂಡೆಯ ಸೌಂದರ್ಯಕ್ಕಾಗಿಯೇ?

ಅದಕ್ಕೂ ಹೌದು. 1987ರಲ್ಲಿ ಪ್ರಕೃತಿಯ ಕಾರಣಕ್ಕೆ ಸೇರಿತು, 1994ರಲ್ಲಿ ಅಣಂಗು ಸಂಸ್ಕೃತಿಯ ಕಾರಣಕ್ಕೆ ಮತ್ತೊಮ್ಮೆ. ಎರಡೂ ಕಾರಣಕ್ಕೆ ಪಟ್ಟಿಯಲ್ಲಿರುವ ಜಾಗಗಳು ಜಗತ್ತಿನಲ್ಲೇ ಕೆಲವು.

ಚುಕುರ್ಪ ಅಂತ ಎಲ್ಲ ಕಡೆ ಬರೆದಿರುತ್ತದೆ. ಅವರ ಪುರಾಣವೇ?

ಪುರಾಣ ಅದರ ಒಂದು ಭಾಗ ಅಷ್ಟೇ. ಲೋಕ ರೂಪುಗೊಂಡ ಕಾಲ, ಆಗ ಓಡಾಡಿದ ಪೂರ್ವಜರು, ಅವರು ಬಿಟ್ಟುಹೋದ ಗುರುತುಗಳು, ಯಾರು ಯಾರನ್ನು ಮದುವೆಯಾಗಬಹುದು, ಯಾವ ಬೇಟೆ ಯಾರ ಪಾಲು, ನೀರು ಎಲ್ಲಿ ಸಿಗುತ್ತದೆ, ಹುಲ್ಲಿಗೆ ಬೆಂಕಿ ಯಾವಾಗ ಇಡಬೇಕು, ಎಲ್ಲವೂ ಅದರೊಳಗೇ ಬರುತ್ತದೆ. ಕಾನೂನು, ಧರ್ಮ, ಪರಿಸರಜ್ಞಾನ ಎಂದು ನಾವು ಬೇರೆ ಬೇರೆ ಗೂಡಿನಲ್ಲಿಟ್ಟಿರುವುದು ಅವರಲ್ಲಿ ಒಂದೇ.

ಹೊರಗಿನವರಿಗೆ ಹೇಳಬಹುದೆಂದು ಅಣಂಗು ಹಿರಿಯರೇ ಒಪ್ಪಿರುವ ಕಥೆಗಳಲ್ಲಿ ಕುನಿಯಳದು ಒಂದು. ಕುನಿಯ ಹೆಬ್ಬಾವಿನ ಹೆಣ್ಣು. ಲಿರು ಎಂಬ ವಿಷದ ಹಾವಿನ ಗಂಡಸರು ಅವಳ ಸೋದರಳಿಯನನ್ನು ಕೊಂದಾಗ ಅವಳು ಸಿಟ್ಟಿನಿಂದ ಬಂದು ಒಬ್ಬ ಲಿರುವಿನ ತಲೆಗೆ ಕೋಲಿನಿಂದ ಹೊಡೆಯುತ್ತಾಳೆ. ಮುಟಿಜುಲು ನೀರಿನ ಹೊಂಡದ ಪಕ್ಕದ ಬಂಡೆಯಲ್ಲಿ ಆ ಏಟಿನ ಬಿರುಕು, ಅವಳು ಹರಿದುಹೋದ ಜಾಡು ಇವತ್ತಿಗೂ ಕಾಣುತ್ತವೆ. ಕಥೆ ಕೇಳಿಕೊಂಡು ಅಲ್ಲಿ ನಿಂತರೆ ಬಂಡೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಒಂದು ಮಾತು: ಮಕ್ಕಳಿಗೆ ಹೇಳಿದ ಮಟ್ಟದ ಕಥೆಯನ್ನಷ್ಟೇ ನಮಗೂ ಹೇಳುತ್ತಾರೆ. ಅದರ ಒಳಪದರಗಳು ದೀಕ್ಷೆ ಪಡೆದವರಿಗೆ ಮಾತ್ರ.

ಹತ್ತಬಹುದೇ? ನಮ್ಮ ಅಣ್ಣ ಹಿಂದೆ ಹತ್ತಿ ಬಂದಿದ್ದಾನೆ.

ಈಗ ಆಗುವುದಿಲ್ಲ. 2019ರ ಅಕ್ಟೋಬರ್ 26ರಿಂದ, ಅಂದರೆ ನೆಲ ಮರಳಿ ಸಿಕ್ಕ ಅದೇ ತಾರೀಖಿನಿಂದ, ಹತ್ತುವುದನ್ನು ಶಾಶ್ವತವಾಗಿ ನಿಲ್ಲಿಸಲಾಗಿದೆ. ಹಿಡಿದು ಹತ್ತಲೆಂದು 1964ರಲ್ಲಿ ನೆಟ್ಟಿದ್ದ ಕಂಬ, ಸರಪಳಿಗಳನ್ನೂ ಕಿತ್ತುಹಾಕಿದ್ದಾರೆ. ಈಗ ಹತ್ತಿದರೆ ಅಪರಾಧ, ದಂಡ ಬೀಳುತ್ತದೆ.

'ಯಾಕೆ ನಿಲ್ಲಿಸಿದರು, ಬೆಟ್ಟ ಹತ್ತಿದರೆ ದೇವರಿಗೆ ಏನು ಕೋಪ' ಎಂದು ಕೇಳುವವರಿದ್ದಾರೆ. ಕಾರಣ ಒಂದೇ ಅಲ್ಲ. ಹತ್ತುವ ದಾರಿ ಇದ್ದದ್ದು ಚುಕುರ್ಪದ ಕಥೆಯ ಮಾಲ (ಪುಟ್ಟ ಕಾಂಗರೂವಿನಂಥ ವಾಲಬಿ) ಪೂರ್ವಜರು ನಡೆದ ಪವಿತ್ರ ಹಾದಿಯಲ್ಲಿ. ಆಚರಣೆಯ ಕಾಲದಲ್ಲೂ ಅಲ್ಲಿ ಕಾಲಿಡುವ ಹಕ್ಕು ಕೆಲವರಿಗೆ ಮಾತ್ರ. ಎರಡನೆಯದು ಸಾವು. ಬಂಡೆಯ ಎತ್ತರ 348 ಮೀಟರ್, ಮೊದಲ ಭಾಗ ಭಾರೀ ಕಡಿದು. ಅಲ್ಲಿ ಜಾರಿ ಬಿದ್ದೋ, ಎದೆನೋವು ಬಂದೋ ಮೂವತ್ತಕ್ಕೂ ಹೆಚ್ಚು ಜನ ಸತ್ತಿದ್ದಾರೆ. ತಮ್ಮ ನೆಲಕ್ಕೆ ಬಂದ ಅತಿಥಿ ಸತ್ತರೆ ಅದರ ಹೊಣೆ ತಮ್ಮದು, ದುಃಖವೂ ತಮ್ಮದು ಎಂಬುದು ಅಣಂಗು ನಡವಳಿಕೆ. ಯಾರೋ ಅಪರಿಚಿತ ಪ್ರವಾಸಿ ಬಿದ್ದು ಸತ್ತಾಗ ಅವರು ಶೋಕ ಪಟ್ಟಿದ್ದಾರೆ ಎನ್ನುವುದು ನನಗೆ ಬಂಡೆಗಿಂತ ದೊಡ್ಡ ವಿಷಯ. ಮೂರನೆಯದು ಹೇಳಲು ಮುಜುಗರದ್ದು: ಮೇಲೆ ಶೌಚಾಲಯ ಇರಲಿಲ್ಲ. ಮೇಲೆ ಬಿಟ್ಟದ್ದೆಲ್ಲ ಮಳೆ ಬಂದಾಗ ಕೆಳಗಿನ ನೀರಿನ ಹೊಂಡಗಳಿಗೆ ಇಳಿಯುತ್ತಿತ್ತು.

ಅಣಂಗು ಏಕಾಏಕಿ ನಿಷೇಧ ಹೇರಿದರು ಎಂಬ ಆರೋಪವೂ ಸರಿಯಲ್ಲ. ವರ್ಷಗಟ್ಟಲೆ ಬುಡದಲ್ಲಿ 'ದಯವಿಟ್ಟು ಹತ್ತಬೇಡಿ' ಎಂಬ ಬೋರ್ಡು ಹಾಕಿ, ಆಯ್ಕೆ ಬಂದವರಿಗೇ ಬಿಟ್ಟಿದ್ದರು. ಹತ್ತುವವರ ಪ್ರಮಾಣ ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗಿಳಿದರೆ ಮುಚ್ಚಬಹುದು ಎಂದು 2010ರ ನಿರ್ವಹಣಾ ಯೋಜನೆ ಹೇಳಿತ್ತು. ಅದು ಇಳಿಯಿತು. 2017ರ ನವೆಂಬರ್‌ನಲ್ಲಿ ಮಂಡಳಿ ಒಮ್ಮತದಿಂದ ನಿರ್ಧರಿಸಿ, ಎರಡು ವರ್ಷ ಮುಂಚಿತವಾಗಿ ಸಾರಿತು. ಆ ಕೊನೆಯ ದಿನಗಳಲ್ಲಿ 'ಮುಚ್ಚುವ ಮೊದಲು ಹತ್ತಿಬಿಡೋಣ' ಎಂದು ಸಾಲುಗಟ್ಟಿ ನಿಂತ ಜನರ ಚಿತ್ರ ಜಗತ್ತೆಲ್ಲ ನೋಡಿದೆ.

ಹತ್ತಲಾಗದಿದ್ದರೆ ಅಷ್ಟು ದೂರ ಹೋಗಿ ಮಾಡುವುದೇನು?

ಸುತ್ತಿ. ಬುಡದ ಸುತ್ತ ಪೂರ್ತಿ ನಡೆದರೆ 10.6 ಕಿಲೋಮೀಟರ್, ಮೂರೂವರೆ ಗಂಟೆ ಬೇಕು, ನೆಲ ಸಮತಟ್ಟು. ದೂರದಿಂದ ಒಂದೇ ಕೆಂಪು ಗುಡ್ಡೆಯಾಗಿ ಕಂಡದ್ದು ಹತ್ತಿರದಲ್ಲಿ ಗವಿ, ಕಣಿವೆ, ಒಣಗಿದ ಜಲಪಾತದ ಕಪ್ಪು ಗೆರೆ, ಜೇನುಗೂಡಿನಂಥ ಗೋಡೆ ಎಂದು ಬಿಚ್ಚಿಕೊಳ್ಳುತ್ತದೆ. ಬೆಟ್ಟವನ್ನು ಬಲ ಬರುವುದು ನಮಗೆ ಹೊಸದಲ್ಲ. ಹತ್ತುವುದಕ್ಕಿಂತ ಇದು ನಮ್ಮವರಿಗೆ ಸಹಜವಾಗಿ ಒಗ್ಗಬೇಕು. ಪೂರ್ತಿ ಸುತ್ತಲಾಗದವರಿಗೆ ಬಾಡಿಗೆ ಸೈಕಲ್ ಸಿಗುತ್ತದೆ.

ಆದರೆ ನಡಿಗೆಗೆ ಮೊದಲು ಸಾಂಸ್ಕೃತಿಕ ಕೇಂದ್ರಕ್ಕೆ ಹೋಗಿ. ಭೂಮಿ ಮರಳಿ ಸಿಕ್ಕ ಹತ್ತನೇ ವರ್ಷಕ್ಕೆ, 1995ರಲ್ಲಿ ತೆರೆದ ಕಟ್ಟಡ ಅದು. ಕುನಿಯ ಮತ್ತು ಲಿರು, ಎರಡು ಹಾವುಗಳ ಆಕಾರದಲ್ಲಿ ಬಾಗಿದೆ. ಹೆಚ್ಚಿನವರು ಇಲ್ಲಿಗೆ ಕೊನೆಗೆ, ಬಿಸಿಲಿಗೆ ನೆರಳು ಹುಡುಕಿಕೊಂಡು ನುಗ್ಗುತ್ತಾರೆ. ಮೊದಲೇ ನೋಡಿದರೆ ಉಳಿದೆರಡು ದಿನ ಏನು ನೋಡುತ್ತಿದ್ದೇವೆಂದು ತಿಳಿದಿರುತ್ತದೆ. ರೇಂಜರ್ ಜೊತೆಗಿನ ಮಾಲ ನಡಿಗೆ ಉಚಿತ. ಸಮಯ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹಿಂದಿನ ದಿನವೇ ವಿಚಾರಿಸಿಕೊಳ್ಳಿ.

ಫೋಟೊ ಎಲ್ಲಿ ತೆಗೆಯಬಾರದು? ಎಲ್ಲ ಕಡೆ ಮೊಬೈಲ್ ಹೊರಗೆ ತೆಗೆಯಬಹುದು ಎಂದುಕೊಂಡಿದ್ದೆ.

ಸೂರ್ಯೋದಯ, ಸೂರ್ಯಾಸ್ತದ ಜಾಗಗಳಿಂದ, ನಡಿಗೆಯ ಹೆಚ್ಚಿನ ಭಾಗದಲ್ಲಿ ಧಾರಾಳವಾಗಿ ತೆಗೆಯಿರಿ. ಬುಡದ ನಡಿಗೆಯ ಕೆಲವು ಕಡೆ, ಅದರಲ್ಲೂ ಈಶಾನ್ಯ ಬದಿಯಲ್ಲಿ, 'ಇದು ಸೂಕ್ಷ್ಮ ಸ್ಥಳ' ಎಂಬ ಬೋರ್ಡು ಬರುತ್ತದೆ. ಅಲ್ಲಿಂದ ಮುಂದಿನ ಬೋರ್ಡಿನವರೆಗೆ ಫೋಟೊ, ವಿಡಿಯೊ ಎರಡೂ ಬೇಡ.

ಕಾರಣ ಕೇಳಿದರೆ ಅರ್ಥವಾಗುವಂಥದ್ದೇ. ಕೆಲವು ಜಾಗಗಳು ಗಂಡಸರ ಆಚರಣೆಗೆ ಸೇರಿದವು, ಕೆಲವು ಹೆಂಗಸರಿಗೆ. ಗಂಡಸರ ಜಾಗವನ್ನು ಅಣಂಗು ಹೆಂಗಸರು ನೋಡುವುದೂ ಇಲ್ಲ, ಹೆಂಗಸರ ಜಾಗದತ್ತ ಗಂಡಸರು ಕಣ್ಣು ಹಾಯಿಸುವುದಿಲ್ಲ. ಆ ಬಂಡೆಯ ಮೈಮೇಲಿನ ಒಂದೊಂದು ವಿವರವೂ ಅವರಿಗೆ ಧರ್ಮಗ್ರಂಥದ ಪುಟ. ಅದನ್ನು ನೋಡಬೇಕಾದದ್ದು ಆ ಸ್ಥಳದಲ್ಲಿ, ನೋಡಲು ಹಕ್ಕಿರುವವರು. ನಾವು ಚಿತ್ರ ತೆಗೆದು ಹಂಚಿದರೆ ಅದು ಯಾರ ಕೈಗೆ, ಯಾರ ಕಣ್ಣಿಗೆ ಹೋಗುತ್ತದೆ ಎಂಬುದು ನಮ್ಮ ಹಿಡಿತದಲ್ಲಿಲ್ಲ. ಪಾರ್ಕಿನೊಳಗಿನ ಅಣಂಗು ಊರು ಮುಟಿಜುಲುವಿನ ಹುಡುಗನೊಬ್ಬ ನೋಡಬಾರದ ಜಾಗ ಅವನ ಫೋನಿನ ಪರದೆಯ ಮೇಲೇ ಬಂದುಬಿಡಬಹುದು. ದೇವಸ್ಥಾನದ ಗರ್ಭಗುಡಿಯೆದುರು 'ಫೋಟೊ ನಿಷೇಧ' ಎಂದಿದ್ದರೂ ಮೊಬೈಲ್ ಎತ್ತುವವರನ್ನು ನೋಡಿ ಅಭ್ಯಾಸವಾದ ನಮಗೆ ಈ ಸಂಯಮ ಸ್ವಲ್ಪ ಕಷ್ಟವೇ.

ಸಾಂಸ್ಕೃತಿಕ ಕೇಂದ್ರದ ಒಳಗೂ ಚಿತ್ರ ತೆಗೆಯುವುದಕ್ಕೆ ನಿರ್ಬಂಧವಿದೆ. ಜನರ ಫೋಟೊ, ಮುಖ್ಯವಾಗಿ ಮಕ್ಕಳದ್ದು, ಕೇಳದೆ ತೆಗೆಯಲೇಬೇಡಿ.

ರೀಲ್ಸ್, ಯೂಟ್ಯೂಬ್, ಪ್ರೀ-ವೆಡ್ಡಿಂಗ್ ಶೂಟ್, ಡ್ರೋನ್?

ಮನೆಯವರಿಗೆ ತೋರಿಸಲು ತೆಗೆದರೆ ತೊಂದರೆಯಿಲ್ಲ. ಹಣ ಬರುವ ಚಾನೆಲ್‌ಗೆ, ಬ್ರಾಂಡ್‌ಗೆ, ಸ್ಟುಡಿಯೊಗೆ ಚಿತ್ರೀಕರಿಸುವುದಾದರೆ ಪಾರ್ಕಿನ ಅನುಮತಿ ಬೇಕು, ಅದಕ್ಕೆ ಮುಂಚಿತವಾಗಿ ಅರ್ಜಿ ಹಾಕಬೇಕು. ಡ್ರೋನನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಕಟ ಜುಟದ ಬಗ್ಗೆ ಗೈಡ್‌ಗಳು ಬಾಯಿಯೇ ಬಿಡುವುದಿಲ್ಲ. ಅವರಿಗೆ ಗೊತ್ತಿಲ್ಲವೇ?

ಹೇಳುವುದಿಲ್ಲ, ಅಷ್ಟೇ. ಉಲುರುವಿನ ಪಶ್ಚಿಮಕ್ಕಿರುವ ಈ 36 ಗುಮ್ಮಟಗಳಲ್ಲಿ ಎತ್ತರದ್ದು ನೆಲದಿಂದ 546 ಮೀಟರ್. ಉಲುರುಗಿಂತ ಸುಮಾರು 200 ಮೀಟರ್ ಹೆಚ್ಚು. ಇದು ಅಣಂಗು ಗಂಡಸರ ಪವಿತ್ರ ಸ್ಥಳ. ಇದರ ಕಥೆ ಹೊರಗಿನವರಿಗೆ ಬಿಡಿ, ತಮ್ಮದೇ ಎಲ್ಲರಿಗೂ ಅವರು ಹೇಳುವುದಿಲ್ಲ. ಅಂತರ್ಜಾಲದಲ್ಲಿ 'ಕಟ ಜುಟದ ರಹಸ್ಯ ಕಥೆ' ಎಂದು ಏನಾದರೂ ಸಿಕ್ಕರೆ ಅದು ಕದ್ದದ್ದು ಅಥವಾ ಕಟ್ಟಿದ್ದು. ನಡೆಯಲು ಮಾತ್ರ ಅಡ್ಡಿಯಿಲ್ಲ. ವಾಲ್ಪ ಕಣಿವೆಯ ದಾರಿ ಹೋಗಿಬರಲು 2.6 ಕಿಲೋಮೀಟರ್, ಗಾಳಿಕಣಿವೆಯ (ವ್ಯಾಲಿ ಆಫ್ ದ ವಿಂಡ್ಸ್) ಪೂರ್ಣ ಸುತ್ತು 7.4 ಕಿಲೋಮೀಟರ್. ಇಷ್ಟವಾದುದನ್ನು ಕೇಳಿದರೆ ನಾನು ಗಾಳಿಕಣಿವೆಯನ್ನೇ ಹೇಳುತ್ತೇನೆ, ಉಲುರುಗಿಂತಲೂ ಮೇಲೆ. ಗುರುತು ಮಾಡಿದ ಹಾದಿ ಬಿಟ್ಟು ಅಡ್ಡ ಹೋಗಬೇಡಿ.

ನಮಗೂ ಆ ಬಂಡೆ ದೇವರ ಹಾಗೆ ಕಾಣುತ್ತದೆ. ಕಾಯಿ ಒಡೆದು, ಕುಂಕುಮ ಹಚ್ಚಿ, ಕರ್ಪೂರ ಬೆಳಗಬಹುದೇ?

ಬೇಡ. ಹಿರಿಯರ ಮನಸ್ಸಿನಲ್ಲಿ ಇರುವುದು ಭಕ್ತಿಯೇ ಎಂದು ಗೊತ್ತು, ಅದಕ್ಕೇ ಈ ಪ್ರಶ್ನೆಗೆ ಸಿಟ್ಟಾಗದೆ ಉತ್ತರಿಸಬೇಕು. ಆ ಜಾಗಕ್ಕೆ ಅದರದೇ ಪೂಜೆ, ಅದರದೇ ಪೂಜಾರಿಗಳಿದ್ದಾರೆ. ಬೇರೊಬ್ಬರ ದೇವರ ಮನೆಗೆ ಹೋಗಿ ನಾವೇ ಮಂಗಳಾರತಿ ಎತ್ತುವುದಿಲ್ಲವಷ್ಟೆ.

ಅದರ ಮೇಲೆ ಕಲ್ಲಿನ ಆರೋಗ್ಯದ ಪ್ರಶ್ನೆಯೂ ಇದೆ. ಗವಿಗಳಲ್ಲಿರುವ ಚಿತ್ರಗಳನ್ನು ಬರೆದಿರುವುದು ಕಾವಿಮಣ್ಣು, ಬೂದಿ, ಇದ್ದಿಲು ಬಳಸಿ. ಕೈಯ ಬೆವರು, ಎಣ್ಣೆ, ಹೊಗೆ ತಾಕಿದರೆ ಸಾಕು, ಕೆಡುತ್ತವೆ. ಹಿಂದಿನ ದಿನಗಳಲ್ಲಿ ಗೈಡ್‌ಗಳು ಫೋಟೊದಲ್ಲಿ ಬಣ್ಣ ಎದ್ದು ಕಾಣಲಿ ಎಂದು ಚಿತ್ರಗಳ ಮೇಲೆ ನೀರು ಎರಚುತ್ತಿದ್ದರು. ಆ ಹಾನಿ ಇಂದಿಗೂ ಉಳಿದಿದೆ. ಕೈ ಮುಗಿಯಬೇಕು ಅನಿಸಿದರೆ ಹಾದಿಯ ಮೇಲೆ ನಿಂತು ಮುಗಿಯಿರಿ, ಯಾರೂ ಏನೂ ಅನ್ನುವುದಿಲ್ಲ. ಬಿಸ್ಕತ್ತು, ಹೂವು, ನಾಣ್ಯ ಏನನ್ನೂ ಬಿಟ್ಟು ಬರಬೇಡಿ.

ಒಂದು ಚಿಟಿಕೆ ಕೆಂಪು ಮಣ್ಣು, ಒಂದು ಸಣ್ಣ ಕಲ್ಲು ತಂದರೆ ಏನಾಗುತ್ತದೆ?

ಮೊದಲನೆಯದಾಗಿ ಕಾನೂನುಬಾಹಿರ. ಎರಡನೆಯದಾಗಿ, ತಂದವರಲ್ಲಿ ಬಹಳ ಜನಕ್ಕೆ ನಿದ್ದೆ ಬರುವುದಿಲ್ಲ ಎಂದು ಕಾಣುತ್ತದೆ. ಪ್ರಪಂಚದ ಮೂಲೆ ಮೂಲೆಯಿಂದ ಪಾರ್ಕಿನ ಕಚೇರಿಗೆ ಕಲ್ಲು, ಮರಳು ತುಂಬಿದ ಪಾರ್ಸೆಲ್‌ಗಳು ಬರುತ್ತವೆ. ಜೊತೆಗೆ ಕಾಗದ: 'ಇದನ್ನು ತಂದ ಮೇಲೆ ನಮ್ಮ ಮನೆಯಲ್ಲಿ ಒಂದರ ಹಿಂದೆ ಒಂದು ಕೆಟ್ಟದ್ದಾಯಿತು, ದಯವಿಟ್ಟು ವಾಪಸ್ ಇಡಿ, ಕ್ಷಮಿಸಿ'. ಅವುಗಳಿಗೆ ಅಲ್ಲಿ 'ಸಾರಿ ಕಲ್ಲುಗಳು' ಎಂದೇ ಹೆಸರು. ಅವನ್ನು ಎಲ್ಲಿಂದ ಎತ್ತಿದ್ದು ಎಂದು ಗೊತ್ತಿಲ್ಲದ ಕಾರಣ, ಹೊರಗಿನ ರೋಗಾಣು ಬಂದೀತೆಂಬ ಭಯದಿಂದ, ಸುಮ್ಮನೆ ಬಂಡೆಯ ಬುಡದಲ್ಲಿ ಸುರಿಯುವಂತೆಯೂ ಇಲ್ಲ. ಶಾಪ ಇದೆಯೋ ಇಲ್ಲವೋ, ಪಾರ್ಸೆಲ್ ಬಿಚ್ಚುವ ರೇಂಜರ್‌ಗಂತೂ ಕೆಲಸ ತಪ್ಪುವುದಿಲ್ಲ. ಷೂಗೆ ಮೆತ್ತಿಕೊಂಡ ಮಣ್ಣು ಹೇಗೂ ನಿಮ್ಮ ಜೊತೆ ಬರುತ್ತದೆ, ಬಟ್ಟೆಯಿಂದ ಅದು ಬೇಗ ಹೋಗುವುದೂ ಇಲ್ಲ.

ಅಣಂಗು ಜನರೇ ಕಾಣಲಿಲ್ಲ. ಅವರು ಎಲ್ಲಿರುತ್ತಾರೆ? ಅವರ ಹಳ್ಳಿಗೆ ಹೋಗಬಹುದೇ?

ಬಂಡೆಯ ಪೂರ್ವಕ್ಕೆ ಪಾರ್ಕಿನೊಳಗೇ ಮುಟಿಜುಲು ಎಂಬ ಊರಿದೆ. ಅಲ್ಲಿಗೆ ಅನುಮತಿ ಇಲ್ಲದೆ ಹೋಗುವಂತಿಲ್ಲ, ಮತ್ತು ಪ್ರವಾಸಿಗರಿಗೆ ತೋರಿಸಲೆಂದು ಇರುವ ಊರಲ್ಲ ಅದು. ಮಕ್ಕಳು ಶಾಲೆಗೆ ಹೋಗುವ, ಹಿರಿಯರು ಡಯಾಲಿಸಿಸ್ ಮಾಡಿಸಿಕೊಳ್ಳುವ, ಸಂಜೆ ಫುಟ್‌ಬಾಲ್ ನಡೆಯುವ ಊರು. ಅವರನ್ನು ಭೇಟಿಯಾಗಬೇಕೆಂದರೆ ಅಣಂಗು ಗೈಡ್‌ಗಳು ನಡೆಸುವ ಪ್ರವಾಸ, ಚುಕ್ಕೆಚಿತ್ರ ಬಿಡಿಸುವ ತರಗತಿ, ಸಾಂಸ್ಕೃತಿಕ ಕೇಂದ್ರದ ಕಲಾಮಳಿಗೆಗಳು ಇವೆ. ಅಲ್ಲಿ ಅವರು ತಾವಾಗಿ ನಿಮ್ಮೊಡನೆ ಮಾತಾಡಲೆಂದೇ ಕೂತಿರುತ್ತಾರೆ.

ಒಮ್ಮೊಮ್ಮೆ ಯಾವುದೋ ಹಾದಿ, ಯಾವುದೋ ಭಾಗ ಕಾರಣ ಹೇಳದೆ ಮುಚ್ಚಿರುತ್ತದೆ. ಆಚರಣೆಯೋ, ಸಾವೋ ಇರಬಹುದು. ದುಡ್ಡು ಕೊಟ್ಟು ಬಂದಿದ್ದೇವೆ ಎಂದು ಕೌಂಟರಿನಲ್ಲಿ ಜಗಳಕ್ಕೆ ನಿಲ್ಲಬೇಡಿ.

ಮಾತಾಡುವಾಗ ಏನು ಗಮನಿಸಬೇಕು?

'ಪಲ್ಯ' ಎಂದರೆ ನಮಸ್ಕಾರ, ಚೆನ್ನಾಗಿದೆ, ಸರಿ ಎಲ್ಲವೂ. ಕನ್ನಡಿಗರಿಗೆ ಈ ಮಾತು ನೆನಪಿಟ್ಟುಕೊಳ್ಳುವುದು ಕಷ್ಟವಾಗಲಾರದು! 'ವಿಯ' ಎಂದರೆ ಬೇಡ, ಇಲ್ಲ.

ಅವರಲ್ಲಿ ಅನೇಕರಿಗೆ ಇಂಗ್ಲಿಷ್ ಮೂರನೆಯದೋ ನಾಲ್ಕನೆಯದೋ ಭಾಷೆ. ಪ್ರಶ್ನೆ ಕೇಳಿ ಮೌನ ಸಿಕ್ಕರೆ ಅದನ್ನೇ ಉತ್ತರ ಎಂದುಕೊಳ್ಳಿ, ಮತ್ತೆ ಮತ್ತೆ ಕೆದಕಬೇಡಿ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡದಿದ್ದರೆ ಅದು ಅಸಡ್ಡೆಯಲ್ಲ. ಸತ್ತವರ ಹೆಸರನ್ನು ಅವರು ಬಹುಕಾಲ ಉಚ್ಚರಿಸುವುದಿಲ್ಲ, ಅದೇ ಹೆಸರಿನ ಬದುಕಿರುವವರನ್ನೂ ಆಗ 'ಕುನ್ಮನಾರ' ಎಂಬ ಬದಲಿ ಹೆಸರಿನಿಂದ ಕರೆಯುತ್ತಾರೆ. ಹಾಗಾಗಿ ಹಳೆಯ ಪುಸ್ತಕದಲ್ಲಿ ಕಂಡ ಹಿರಿಯರ ಹೆಸರು, ಚಿತ್ರ ಹಿಡಿದುಕೊಂಡು 'ಇವರು ನಿಮಗೆ ಏನಾಗಬೇಕು' ಎಂದು ವಿಚಾರಿಸುವುದು ಒಳ್ಳೆಯದಲ್ಲ.

ಇನ್ನೊಂದು, ಹೇಳದೆ ಇರಲಾಗದು. ಕನ್ನಡ ಅವರಿಗೆ ಬರುವುದಿಲ್ಲವೆಂದು ಅವರೆದುರೇ ಬಣ್ಣದ ಬಗ್ಗೆ, ಬಟ್ಟೆಯ ಬಗ್ಗೆ, ಕುಡಿತದ ಬಗ್ಗೆ ಆಡಿಕೊಳ್ಳುವವರಿದ್ದಾರೆ. ಭಾಷೆ ಬಾರದಿದ್ದರೂ ದನಿ ಎಲ್ಲರಿಗೂ ತಿಳಿಯುತ್ತದೆ.

ನೆನಪಿಗೆ ಏನು ಕೊಳ್ಳಬಹುದು? ಸಿಡ್ನಿಯಲ್ಲಿ ಅಗ್ಗಕ್ಕೆ ಸಿಗುತ್ತದಲ್ಲ?

ಸಿಗುತ್ತದೆ, ಆದರೆ ಬಹುಪಾಲು ನಕಲಿ. ಆಸ್ಟ್ರೇಲಿಯಾದ ಉತ್ಪಾದಕತಾ ಆಯೋಗ 2022ರಲ್ಲಿ ಕೊಟ್ಟ ವರದಿಯಂತೆ, ಮೂಲನಿವಾಸಿ ಶೈಲಿಯ ಸ್ಮರಣಿಕೆಗಳಿಗೆ ಜನ ಮಾಡುವ ಖರ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಹೋಗುವುದು ಮೂಲನಿವಾಸಿಗಳು ಮುಟ್ಟಿಯೂ ನೋಡದ ಸರಕಿಗೆ. ಇಂಡೋನೇಷ್ಯಾದಲ್ಲಿ ಮಾಡಿಸಿದ ಬೂಮರಾಂಗ್, ಡಿಜರಿಡೂಗಳನ್ನು ಆಸ್ಟ್ರೇಲಿಯಾದ ಮೂಲನಿವಾಸಿ ಕಲೆ ಎಂದು ಮಾರಿದ ಕಂಪನಿಯೊಂದಕ್ಕೆ 2019ರಲ್ಲಿ ನ್ಯಾಯಾಲಯ 23 ಲಕ್ಷ ಡಾಲರ್ ದಂಡ ಹಾಕಿತು.

ಅಂದಹಾಗೆ ಡಿಜರಿಡೂ ಈ ಮರುಭೂಮಿಯ ವಾದ್ಯವೇ ಅಲ್ಲ, ದೂರದ ಉತ್ತರ ಕರಾವಳಿಯದು. ಇಲ್ಲಿಯದೇ ಬೇಕೆಂದರೆ 'ಪುನು' ಎಂಬ ಮರದ ಕೆತ್ತನೆ ನೋಡಿ: ಹಲ್ಲಿ, ಹಾವು, ಬೋಗುಣಿ, ಕಾದ ತಂತಿಯಿಂದ ಸುಟ್ಟು ಮೂಡಿಸಿದ ಗೆರೆಗಳು. ಒಣಹುಲ್ಲು ಹೆಣೆದು ಮಾಡುವ 'ಜಾನ್ಪಿ' ಬುಟ್ಟಿಗಳು, ಗೊಂಬೆಗಳೂ ಇವೆ. ಸಾಂಸ್ಕೃತಿಕ ಕೇಂದ್ರದ ಮಾರುಕು, ವಾಲ್ಕಜಾರ ಮಳಿಗೆಗಳಲ್ಲಿ ಕೊಂಡರೆ ದುಡ್ಡು ಕಲಾವಿದರಿಗೆ ತಲುಪುತ್ತದೆ. ಬೆಲೆ ಚೌಕಾಸಿ ಮಾಡಲು ಹೋಗಬೇಡಿ. ಭಾರತಕ್ಕೆ ಒಯ್ಯುವವರು ರಸೀದಿ, ಕಲಾವಿದರ ವಿವರದ ಪತ್ರ ಎರಡನ್ನೂ ಕೇಳಿ ಪಡೆಯಿರಿ.

ಪ್ರವೇಶ ಶುಲ್ಕ ಎಷ್ಟು? ಆ ಹಣ ಎಲ್ಲಿಗೆ ಹೋಗುತ್ತದೆ?

ಮೂರು ದಿನದ ಪಾಸಿಗೆ ದೊಡ್ಡವರಿಗೆ 38 ಡಾಲರ್. ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ಪಾರ್ಕಿನ ಜಾಲತಾಣ ನೋಡಿ. ಹದಿನೆಂಟರ ಒಳಗಿನವರಿಗೆ ಉಚಿತ. ಬಂದದ್ದರಲ್ಲಿ ನಾಲ್ಕನೇ ಒಂದು ಪಾಲು ಅಣಂಗು ಜನರಿಗೆ ಸೇರುತ್ತದೆ.

ಯಾವ ತಿಂಗಳು ಒಳ್ಳೆಯದು?

ಮೇನಿಂದ ಸೆಪ್ಟೆಂಬರ್. ಹಗಲು ಹಿತ, ರಾತ್ರಿ ಮಾತ್ರ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ, ಸ್ವೆಟರ್ ಮರೆಯಬೇಡಿ. ನಮ್ಮವರು ಹೆಚ್ಚಾಗಿ ಬರುವುದು ಶಾಲೆಗೆ ರಜೆ ಇರುವ ಡಿಸೆಂಬರ್-ಜನವರಿಯಲ್ಲಿ, ಆಗ 40 ಡಿಗ್ರಿ ದಾಟುವುದು ಮಾಮೂಲು. ಬಳ್ಳಾರಿ ಬಿಸಿಲು ಉಂಡವರಿಗೂ ಇದು ಬೇರೆ. ಬೆವರು ಬಂದದ್ದು ಗೊತ್ತಾಗುವ ಮೊದಲೇ ಆರಿಹೋಗುವುದರಿಂದ ಮೈ ಒಣಗುತ್ತಿರುವುದೇ ತಿಳಿಯುವುದಿಲ್ಲ. ಬಿಸಿಲಲ್ಲಿ ಗಂಟೆಗೆ ಒಬ್ಬರಿಗೆ ಒಂದು ಲೀಟರ್ ನೀರು ಎಂಬ ಲೆಕ್ಕ ಇಟ್ಟುಕೊಳ್ಳಿ. ನಡಿಗೆ ಬೆಳಿಗ್ಗೆ 11ರೊಳಗೆ ಮುಗಿದಿರಬೇಕು. 36 ಡಿಗ್ರಿ ಅಥವಾ ಹೆಚ್ಚಿನ ಮುನ್ಸೂಚನೆ ಇದ್ದ ದಿನ ಗಾಳಿಕಣಿವೆಯ ಒಳಹಾದಿಯನ್ನು 11 ಗಂಟೆಗೇ ಮುಚ್ಚುತ್ತಾರೆ. ನಿಯಮ ಮುರಿದು ಒಳಹೋಗಿ ಸುಸ್ತಾಗಿ ಬಿದ್ದರೆ, ಅದೇ ಬಿಸಿಲಲ್ಲಿ ನಿಮ್ಮನ್ನು ಹೊತ್ತು ತರಬೇಕಾದವರು ರೇಂಜರ್‌ಗಳು.

ನೊಣ! ಮುಖಕ್ಕೆ ಹಾಕುವ ಬಲೆ ಐದಾರು ಡಾಲರಿಗೋ ಹತ್ತಕ್ಕೋ ಸಿಗುತ್ತದೆ. ಮೊದಲ ದಿನ ನಕ್ಕವರು ಎರಡನೆಯ ದಿನ ಅಂಗಡಿಗೆ ಓಡುತ್ತಾರೆ.

ಮಂಡಿನೋವಿರುವ ಅಮ್ಮ, ಸಣ್ಣ ಮಕ್ಕಳು ಜೊತೆಗಿದ್ದಾರೆ. ಆಗುತ್ತದೆಯೇ?

ಖಂಡಿತ. ಮಾಲ ನಡಿಗೆ ಹೋಗಿಬರಲು 2 ಕಿಲೋಮೀಟರ್, ಕುನಿಯ ನಡಿಗೆ 1 ಕಿಲೋಮೀಟರ್, ಎರಡರಲ್ಲೂ ಗಾಲಿಕುರ್ಚಿ ಓಡುತ್ತದೆ. ಚಿತ್ರಗಳಿರುವ ಗವಿ, ನೀರಿನ ಹೊಂಡ, ಕಥೆಯ ಗುರುತುಗಳು ಎಲ್ಲ ಈ ಎರಡರಲ್ಲೇ ಸಿಗುತ್ತವೆ. ನನ್ನನ್ನು ಕೇಳಿದರೆ ಅಮ್ಮನ ಜೊತೆ ಇವೆರಡನ್ನೇ ನಿಧಾನವಾಗಿ ಮಾಡುವುದು, ಅವಸರದಲ್ಲಿ ಪೂರ್ತಿ ಸುತ್ತು ಮುಗಿಸುವುದಕ್ಕಿಂತ ಮೇಲು.

ಊಟ? ಒಳಗೆ ಟೆಂಟ್ ಹಾಕಿ ಅಡುಗೆ ಮಾಡಬಹುದೇ?

ಪಾರ್ಕಿನೊಳಗೆ ರಾತ್ರಿ ಉಳಿಯುವಂತಿಲ್ಲ, ಸಂಜೆ ಗೇಟು ಮುಚ್ಚುತ್ತದೆ. ಟೆಂಟ್ ಜಾಗ ಯುಲಾರಾದಲ್ಲಿದೆ, ಸೂಪರ್‌ಮಾರ್ಕೆಟ್ ಕೂಡ. ಸಸ್ಯಾಹಾರಿಗಳು ಅವಲಕ್ಕಿ, ಉಪ್ಪಿಟ್ಟಿನ ಪ್ಯಾಕೆಟ್ ಇಟ್ಟುಕೊಂಡರೆ ನೆಮ್ಮದಿ. ಊರಿಂದ ತರುವುದಾದರೆ ವಿಮಾನ ನಿಲ್ದಾಣದಲ್ಲಿ ಎಲ್ಲವನ್ನೂ ಘೋಷಿಸಿ. ತಂದ ಕಸವನ್ನು ಬಾಳೆಹಣ್ಣಿನ ಸಿಪ್ಪೆ ಸಮೇತ ವಾಪಸ್ ಒಯ್ಯಿರಿ.

ಮುಟಿಜುಲು ಹೊಂಡದಲ್ಲಿ ಕಾಲು ತೊಳೆಯಬಹುದೇ?

ಇಲ್ಲ, ಇಳಿಯುವಂತೆಯೂ ಇಲ್ಲ. ಪವಿತ್ರ ಎಂಬುದೊಂದು, ಸುತ್ತಲಿನ ಪ್ರಾಣಿಗಳಿಗೆ ಕುಡಿಯಲು ಇರುವ ನೀರು ಎಂಬುದು ಇನ್ನೊಂದು. ಸನ್‌ಸ್ಕ್ರೀನ್ ಬಳಿದ ಕಾಲು ಆ ನೀರಿಗೆ ವಿಷ.

ಪಾರ್ಕಿನ ಒಳಗೇ ಹುಲ್ಲಿಗೆ ಬೆಂಕಿ ಇಟ್ಟಿದ್ದಾರೆ. ದೂರು ಕೊಡಬೇಕೇ?

ರೇಂಜರ್‌ಗಳೇ ಇಟ್ಟಿದ್ದಾರೆಯೇ ಎಂದು ಮೊದಲು ಕೇಳಿ. ತಂಪು ಕಾಲದಲ್ಲಿ ಅಲ್ಲಲ್ಲಿ ಸಣ್ಣ ತುಂಡುಗಳನ್ನು ಸುಡುವುದು ಅಣಂಗು ಪದ್ಧತಿ. ಹೊಸ ಚಿಗುರು ಬರುತ್ತದೆ, ಬೇಸಿಗೆಯ ದೊಡ್ಡ ಬೆಂಕಿ ಹರಡಲು ದಾರಿ ಸಿಗುವುದಿಲ್ಲ. ಅವರನ್ನು ನೆಲದಿಂದ ದೂರವಿಟ್ಟು ಈ ಪದ್ಧತಿ ತಪ್ಪಿದ ಮೇಲೆ, 1976ರಲ್ಲಿ ಬಿದ್ದ ಕಾಳ್ಗಿಚ್ಚು ಪಾರ್ಕಿನ ಬಹುಭಾಗವನ್ನು ನುಂಗಿತು. ಈಗ ವಿಜ್ಞಾನಿಗಳು ಮತ್ತು ಅಣಂಗು ಹಿರಿಯರು ಸೇರಿಯೇ ಸುಡುವ ಜಾಗ ನಿರ್ಧರಿಸುತ್ತಾರೆ. ಕಥೆಯ ಆ ಮಾಲ ಎಂಬ ಪುಟ್ಟ ವಾಲಬಿ ಇಲ್ಲಿಂದ ಅಳಿದೇ ಹೋಗಿತ್ತು. 2005ರಲ್ಲಿ ಬೆಕ್ಕು, ನರಿ ನುಗ್ಗದಂತೆ ಬೇಲಿ ಹಾಕಿದ ಜಾಗಕ್ಕೆ ಅದನ್ನು ಮರಳಿ ತಂದರು.

ನಾನು 2010ಕ್ಕೆ ಮೊದಲು ಹತ್ತಿದ ಫೋಟೊ ಫೇಸ್‌ಬುಕ್‌ನಲ್ಲಿದೆ. ತೆಗೆಯಬೇಕೇ?

ಕಾನೂನು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಆದರೆ 2020ರಲ್ಲಿ ಪಾರ್ಕಿನವರು ಕೇಳಿಕೊಂಡ ಮೇಲೆ ಗೂಗಲ್ ತನ್ನ ನಕ್ಷೆಯಿಂದ ಬಂಡೆಯ ನೆತ್ತಿಯ ಚಿತ್ರಗಳನ್ನು ತೆಗೆದುಹಾಕಿತು. ನಾನಾದರೆ ತೆಗೆಯುತ್ತೇನೆ, ಆಲ್ಬಂನಲ್ಲಿ ಇಟ್ಟುಕೊಳ್ಳುತ್ತೇನೆ.

ಇವೇ ನಿಯಮಗಳು ಬೇರೆ ಪಾರ್ಕುಗಳಿಗೂ ಅನ್ವಯವೇ?

ಇಲ್ಲ, ಒಂದೊಂದು ನೆಲಕ್ಕೆ ಒಂದೊಂದು ಜನ. ಉತ್ತರದ ಕಕಡುವಿನಲ್ಲಿ ಬಿನಿಂಜ್ ಮತ್ತು ಮುಂಗುಯ್ ಜನ, ಅಲ್ಲಿನ ಉಬಿರ್ ಬಂಡೆಚಿತ್ರಗಳ ಫೋಟೊ ತೆಗೆಯಬಹುದು, ಮುಟ್ಟಬಾರದು. ನೀರಿನ ಹತ್ತಿರ ಮಾತ್ರ ಮೊಸಳೆಯ ಬೋರ್ಡು ಓದದೆ ಸುಳಿಯಬೇಡಿ. ಸಿಡ್ನಿಯಿಂದ ಮೂರು ಗಂಟೆ ದೂರದ ಬೂಡೆರೀ ಪಾರ್ಕಿನ ನೆಲವೂ ಅಲ್ಲಿನ ಮೂಲನಿವಾಸಿಗಳದ್ದೇ, ಅವರೂ ಸರ್ಕಾರದ ಜೊತೆ ಸೇರಿ ಅದನ್ನು ನಡೆಸುತ್ತಾರೆ. ಉಲುರುಗೆ ಹೋಗಲು ರಜೆ, ದುಡ್ಡು ಎರಡೂ ಸಾಲದವರು ಒಂದು ವಾರಾಂತ್ಯ ಅಲ್ಲಿಗೆ ಹೋಗಿಬರಬಹುದು.